ರಂಜಕದ ಶ್ರಾವಣ

ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಜಜ್ಜುವಾಗ ಕಿಟಕಿ ತೆರೆದಿರಬೇಕು. ಇದು ನನ್ನ ಹಟ ಎಂದು ಮನೆಯವರಿಗೆಲ್ಲ ಗೊತ್ತು, ಕಾರಣ ಗೊತ್ತಿಲ್ಲ. ಹೋದ ವಾರ ದೇವದುರ್ಗದಲ್ಲಿ ಬಿಟ್ಟೂಬಿಡದೆ ಮಳೆ. ನಾನೀಗ ಇಲ್ಲಿಯೇ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆ ಮುಗಿಸಿ ಬಸ್ಸು ಹತ್ತಿದಾಗ ಮಳೆಯೆಂದು ಎಲ್ಲ ಗಾಜುಗಳನ್ನೂ ಎಳೆದಿದ್ದರು. ನನ್ನ ಮುಂದಿನ ಸೀಟಿನಲ್ಲಿ ಮಸರಕಲ್ಲಿಗೆ ಹೊರಟಿದ್ದ ಹೆಂಗಸೊಬ್ಬಳ ಮಡಿಲಲ್ಲಿ ಬೆಳ್ಳುಳ್ಳಿಯ ಚೀಲವಿತ್ತು. ಎರಡು ನಿಮಿಷವೂ ಆಗಿರಲಿಲ್ಲ, ಆ ವಾಸನೆಗೆ ಪಕ್ಕದ ಗಾಜು ಸರಿಸಲು ಎಳೆದೆ, ಅದು ಜಗ್ಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಕಂಡಕ್ಟರ್, "ನಿಮ್ಮ ಸ್ಟಾಪ್ ಇನ್ನಾ ಬಂದಿಲ್ರೀ ಮೇಡಂ" ಎಂದು ಕೂಗುತ್ತಲೇ ಇದ್ದ. ಮಳೆಯಲ್ಲಿ ನೆನೆಯುತ್ತ ನಿಂತಾಗ ಅನ್ನಿಸಿತು, ಇದನ್ನು ಒಮ್ಮೆ ಬರೆದುಬಿಡಬೇಕು.

ನನಗಾಗ ಇಪ್ಪತ್ತನಾಲ್ಕು ವರ್ಷ. ರಾಯಚೂರಿನ ಬಜಾರಿನಲ್ಲಿ ಬಳೆ ಮಾರುತ್ತಲೇ ಅಮ್ಮಿ ನನ್ನನ್ನು ಬಿ.ಎಡ್. ತನಕ ಓದಿಸಿದ್ದಳು. ಮೊದಲ ನೌಕರಿ ಸಿಕ್ಕಿದ್ದು ಮಾನ್ವಿ ತಾಲೂಕಿನಲ್ಲಿ, ಕುರ್ಡಿಯಿಂದಾಚೆಯ ಒಂದು ಹಳ್ಳಿಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ.

ನಸೀಮಾ ಎಂಬ ಹೆಸರು ಕೇಳಿ ಇಬ್ಬರು ಮನೆಯವರು, "ರೂಮು ಖಾಲಿ ಇಲ್ರೀ" ಎಂದಿದ್ದರು. ಮೂರನೆಯವಳು ಗಂಗಮ್ಮ. ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿದ ಮುದುಕಿ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನ್ಯಾಗ ಮಾಂಸ ಮಾಡಬಾರ್ದು ನೋಡ್ರಿ. ಉಳಿದದ್ದು ನಿಮ್ಮ ಮನಿ ಇದ್ದಂಗ" ಎಂದಳು. ಮಗ ವೀರೇಶ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದ. ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ಸೊಸೆ ಶಾಂತಕ್ಕ ಏಳನೆಯ ತರಗತಿಯವರೆಗೆ ಓದಿದವಳು. ಅವಳ ಮಗಳು ಗೌರಿಗೆ ನಾಲ್ಕು ವರ್ಷ. ಅದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಪಡಸಾಲೆಯ ಒಂದು ಮಗ್ಗುಲಿಗೆ ನನ್ನ ಕೋಣೆ, ಅದಕ್ಕೆ ಬೀದಿಗೆ ತೆರೆಯುವ ಒಂದು ಕಿಟಕಿ. ಒಳಗಿನ ನಡುಮನೆಗೆ ಮಾತ್ರ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅಷ್ಟೇ. ವರ್ಷದ ಜೋಳವನ್ನೆಲ್ಲ ಅಲ್ಲಿ ಹಿಂದಿನ ಗೋಡೆಗೆ ಆನಿಸಿ ಚೀಲದ ಮೇಲೆ ಚೀಲ ಒಟ್ಟಿದ್ದರು.

ಹತ್ತನೆಯ ತರಗತಿಗೆ ಲೋಹ ಮತ್ತು ಅಲೋಹಗಳ ಪಾಠ ನಡೆದದ್ದು ಶ್ರಾವಣದಲ್ಲಿ. ಹೊಸ ಮಾಸ್ತರಿಕೆಯ ಹುರುಪು ನನಗೆ. ಲೋಹ ಎಲೆಕ್ಟ್ರಾನ್ ಕೊಡುತ್ತದೆ, ಅಲೋಹ ತೆಗೆದುಕೊಳ್ಳುತ್ತದೆ, ಕೊಟ್ಟವನಿಗೂ ಪಡೆದವನಿಗೂ ಸಮಾಧಾನ. "ಸೋಡಿಯಂ ನೀರು ಸೋಕಿದರೆ ಉರಿಯುತ್ತದೆ, ಕ್ಲೋರಿನ್ ವಿಷದ ಗಾಳಿ. ಎರಡೂ ಸೇರಿದರೆ? ನಿಮ್ಮ ಸಾರಿಗೆ ಹಾಕುವ ಉಪ್ಪು!" ಎಂದಾಗ ಇಡೀ ತರಗತಿ ಬಾಯಿ ತೆರೆದು ಕೇಳಿತು. ಇಂಥ ಅಯಾನಿಕ ವಸ್ತುಗಳು ಗಟ್ಟಿ, ಕರಗಲು ಬಹಳ ಶಾಖ ಬೇಕು, ಹಾಗೆಲ್ಲ ಗಾಳಿಗೆ ಹಾರುವುದಿಲ್ಲ ಎಂದು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ. ಆ ಸಂಜೆ ಮನೆಗೆ ಬರುವಾಗ ನನಗೆ ನನ್ನ ಮೇಲೇ ಬಹಳ ಮೆಚ್ಚಿಕೆ.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ನಮ್ಮ ಕಡೆ ಅಂಥ ಮಳೆ ಅಪರೂಪ. ಕರಿ ಮಣ್ಣಿನ ಹೊಲದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಬಿಸಿಲಿಲ್ಲದೆ ಜೋಳಕ್ಕೆ ನುಸಿ ಹತ್ತಿತು. ಗಂಗಮ್ಮ ಬೇವಿನ ಸೊಪ್ಪು ಹಾಕಿದಳು, ಬೂದಿ ಹಾಕಿದಳು. ಬೀಸಲು ತೆಗೆದ ಜೋಳದಲ್ಲಿ ಕಾಳಿಗಿಂತ ಹುಳ ಹೆಚ್ಚು. ಒಂದು ಗುರುವಾರ ಸಂಜೆ ವೀರೇಶ ಔಷಧಿ ತಂದ. ಗಿರಣಿಗೆ ಬರುವ ಯಾರೋ ಕೊಡಿಸಿದ್ದಂತೆ. ಮನೆಗಳಿಗೆ ಅದನ್ನು ಮಾರುವಂತೆಯೇ ಇಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು. ಡಬ್ಬಿ ಇರಲಿಲ್ಲ, ಬಳಸುವ ಕ್ರಮದ ಹಾಳೆಯೂ ಇರಲಿಲ್ಲ. ಅಂಗೈಯಷ್ಟಗಲದ ಕೆಲವು ಪೊಟ್ಟಣಗಳು ಮಾತ್ರ.

ಶಾಂತಕ್ಕ ಒಂದನ್ನು ತಂದು ನನ್ನ ಮುಂದೆ ಹಿಡಿದಳು. "ಟೀಚರ್ರೀ, ಇದರ ಮ್ಯಾಲೆ ಇಂಗ್ಲಿಷಿನಾಗ ಬರದಾರ. ಏನದ ಅಂತ ಓದ್ರೀ. ಕೂಸು ಅಲ್ಲೇ ಓಡ್ಯಾಡತದ, ನನಗ ಅಂಜಿಕಿ ಆಗಾಕತ್ತದ."

ವಿಷದ ಕೆಂಪು ಗುರುತು ಇತ್ತು. ಹೆಸರು ಓದಿದೆ. ಅಲ್ಯೂಮಿನಿಯಂ ಫಾಸ್ಫೈಡ್. ಅಲ್ಯೂಮಿನಿಯಂ ಲೋಹ, ಫಾಸ್ಫರಸ್ ಎಂದರೆ ರಂಜಕ, ಅದು ಅಲೋಹ. ನಾಲ್ಕು ದಿನದ ಹಿಂದೆ ಬೋರ್ಡಿನ ಮೇಲೆ ಬರೆದಿದ್ದೆಲ್ಲ ಕಣ್ಣ ಮುಂದೆ ಬಂತು.

"ವಿಷ ಹೌದು ಶಾಂತಕ್ಕ, ಬಾಯಿಗೆ ಹೋಗಬಾರ್ದು. ಕೈ ಚಂದ ತೊಳಕೊಳ್ರಿ. ಆದ್ರ ಇದು ಉಪ್ಪಿದ್ದಂಗ, ಗಟ್ಟಿ ಪದಾರ್ಥ. ಇಟ್ಟಲ್ಲಿ ಇರತದ. ಗಾಳ್ಯಾಗ ಬರಂಗಿಲ್ಲ. ಕೂಸಿನ ಕೈಗೆ ಸಿಗದಂಗ ಚೀಲದ ಸಂದ್ಯಾಗ ಇಡ್ರಿ, ಸಾಕು."

ಅವಳು ಪೊಟ್ಟಣ ತಿರುಗಿಸಿ ನೋಡುತ್ತ ನಿಂತಳು. "ಇಟ್ಟಲ್ಲೇ ಇದ್ರ, ಮತ್ತ ದೂರದ ಚೀಲದಾಗಿನ ಹುಳ ಹೆಂಗ ಸಾಯ್ತಾವ್ರೀ?"

"ತಿಂದು ಸಾಯ್ತಾವ" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಮರುದಿನದ ಪಾಠದ ಟಿಪ್ಪಣಿ ಬರೆಯುವುದಿತ್ತು.

ಅವಳು ತಲೆಯಾಡಿಸಿ ಒಳಗೆ ಹೋದಳು. ಪೊಟ್ಟಣಗಳನ್ನು ಚೀಲಗಳ ನಡುವೆ, ಬುಡದಲ್ಲಿ ಇಟ್ಟು, ಮೇಲೆ ತಾಡಪತ್ರಿ ಹೊದಿಸಿದಳು.

ಶುಕ್ರವಾರ ಮಳೆ, ಶನಿವಾರವೂ ಮಳೆ. ಬೆಳಕಿಂಡಿಯಿಂದ ನೀರು ಬೀಳುತ್ತದೆಂದು ಅದರ ಮೇಲೆ ಕಲ್ಲುಚಪ್ಪಡಿ ಎಳೆದರು. ಪಡಸಾಲೆ ಎರಡು ಕಡೆ ಸೋರುತ್ತಿತ್ತು, ಅಡುಗೆಮನೆ ಸೋರುತ್ತಿತ್ತು. ಒಣಗಿದ್ದ ಜಾಗ ನಡುಮನೆಯೊಂದೇ. ಸ್ವಲ್ಪ ಮೈ ಬೆಚ್ಚಗಿದ್ದ ಗೌರಿಯನ್ನು ಅಲ್ಲೇ, ಚೀಲಗಳ ಮಗ್ಗುಲಿಗೆ ಕೌದಿ ಹಾಸಿ ಮಲಗಿಸಿದರು. ಹಿಂದಿನ ಗೋಡೆಗುಂಟ ಮಳೆನೀರು ಒಳಗೇ ಇಳಿದು ಚೀಲದ ಬುಡ ನೆನೆಸುತ್ತಿತ್ತು. ತಾಡಪತ್ರಿಯ ಕೆಳಗಿನದು ಯಾರ ಕಣ್ಣಿಗೂ ಬೀಳಲಿಲ್ಲ.

ಭಾನುವಾರ ಬೆಳಗ್ಗೆ ಒಂಬತ್ತರ ಹೊತ್ತು. ವೀರೇಶನಿಗೆ ರಜೆ ಇರಲಿಲ್ಲ, ಗಿರಣಿಗೆ ಹೋಗಿದ್ದ. ನನಗೆ ತಲೆನೋವು. ಥಂಡಿ ಇರಬೇಕೆಂದು ಚಹಾ ಕಾಸಿಕೊಂಡು ಕೂತಿದ್ದೆ. ಗಂಗಮ್ಮ ನನ್ನ ಬಾಗಿಲಲ್ಲಿ ಬಂದು ನಿಂತಳು. ಮುಖ ಬಿಗಿದಿತ್ತು.

"ಟೀಚರ್ರೀ, ಬಳ್ಳೊಳ್ಳಿ ಕುಟ್ಟೀರೇನ್ರೀ?"

ಶ್ರಾವಣ ಮುಗಿಯುವವರೆಗೆ ಆ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ತರುತ್ತಿರಲಿಲ್ಲ. ಅವರ ಮನೆಯಲ್ಲಿದ್ದ ಮೇಲೆ ನಾನೂ ತರುತ್ತಿರಲಿಲ್ಲ. "ಇಲ್ಲವ್ವಾ, ಆಣಿ ಮಾಡಿ ಹೇಳ್ತೀನಿ" ಎಂದೆ. ಹೇಳುತ್ತಿದ್ದಂತೆ ನನಗೂ ವಾಸನೆ ಬಡಿಯಿತು. ಬೆಳ್ಳುಳ್ಳಿಯದೇ, ಆದರೆ ಅದರ ಹಿಂದೆ ಕೊಳೆತ ಮೀನಿನಂಥದ್ದು ಏನೋ ಇತ್ತು. ಅದು ಒಳಗಿನಿಂದ ಬರುತ್ತಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಶಾಂತಕ್ಕ ಬಂದಳು, ಸೆರಗಿನಿಂದ ಹಣೆ ಒತ್ತಿಕೊಳ್ಳುತ್ತ. "ಕೂಸು ಮುಂಜಾನಿಂದ ಮೂರು ಸಲ ಕಾರ್ಕೊಂಡದ್ರೀ. ನನಗೂ ತಲಿ ಸುತ್ತಾಕತ್ತದ. ಮತ್ತ ಆ ಬೂದಿ ಬೆಕ್ಕು ಚೀಲದ ಸಂದ್ಯಾಗ ಸತ್ತು ಬಿದ್ದದ. ಯಾರೋ ವಿಷ ಹಾಕಿದ ಇಲಿ ತಿಂದಿರಬೇಕು."

ಬೆಕ್ಕು ಎಂದ ಕೂಡಲೇ ನನಗೆ ಆ ಪೊಟ್ಟಣಗಳು ನೆನಪಾದವು. ಮೊಬೈಲು ಹಿಡಿದು ಬೀದಿಗೆ ಓಡಿದೆ. ಒಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಒದ್ದೆ ಬೆರಳಿನಲ್ಲಿ ಹೆಸರು ಬರೆದರೆ ತಪ್ಪಾಯಿತು, ಮತ್ತೆ ಬರೆದೆ. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಲೇ ಇತ್ತು. ಕೊನೆಗೆ ಮೊದಲ ಸಾಲು ತೆರೆಯಿತು. ತೇವ ತಾಗಿದರೆ ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಬೆಳ್ಳುಳ್ಳಿಯ ವಾಸನೆ. ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ಮುಂದೆ ಓದಲಿಲ್ಲ.

"ಹೊರಗ ಬರ್ರಿ! ಎಲ್ಲಾರೂ ಹೊರಗ ಬರ್ರಿ!" ಎಂದು ಕೂಗಿದೆ.

"ಏನಾತ್ರೀ? ಮಳಿ ಹೊಡ್ಯಾಕತ್ತದ, ಕೂಸಿಗೆ ಥಂಡಿ..." ಗಂಗಮ್ಮ ಪಡಸಾಲೆಯಲ್ಲೇ ನಿಂತಳು. ಅವಳ ರಟ್ಟೆ ಹಿಡಿದು ಬೀದಿಗೆ ಎಳೆದೆ. ಗೌರಿ ಒಳಗಿದ್ದಳು. ನಾನು ಹೊಸ್ತಿಲ ತನಕ ಹೋದೆ. ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ನಡುಮನೆ. ನನ್ನ ಕಾಲು ಏಳಲಿಲ್ಲ. ಆ ಗಾಳಿ ಏನು ಮಾಡುತ್ತದೆ ಎಂದು ನಮ್ಮ ಮೂವರಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ಗೊತ್ತಿದ್ದೇ ನಿಂತುಬಿಟ್ಟೆ. ಶಾಂತಕ್ಕ ನನ್ನನ್ನು ಸರಿಸಿ ಒಳಗೆ ನುಗ್ಗಿ ಮಗುವನ್ನು ಎತ್ತಿಕೊಂಡು ಬಂದಳು. ಗೌರಿಯ ಕುತ್ತಿಗೆ ನಿಲ್ಲುತ್ತಿರಲಿಲ್ಲ. ತುಟಿ ಬಣ್ಣಗೆಟ್ಟಿತ್ತು.

ಆಂಬುಲೆನ್ಸ್ ಬರುವವರೆಗೆ ಎದುರಿನ ಕಟ್ಟೆಯ ಮೇಲೆ ಕೂತಿದ್ದೆವು. ಯಾರೋ ಗೋಣಿ ಚೀಲವನ್ನು ನಮ್ಮ ತಲೆಯ ಮೇಲೆ ಹಿಡಿದರು. ಗೌರಿ ಉಸಿರಾಡುತ್ತಿದ್ದಾಳೆಯೇ ಎಂದು ನಾನು ಅವಳ ಎದೆಯನ್ನೇ ನೋಡುತ್ತಿದ್ದೆ. ಅದು ಏಳುತ್ತದೆ, ಇಳಿಯುತ್ತದೆ, ನಡುವೆ ಒಮ್ಮೊಮ್ಮೆ ತಡವಾಗುತ್ತದೆ. ಮಾನ್ವಿಯಲ್ಲಿ ನೋಡಿ, ತಕ್ಷಣ ರಾಯಚೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಎರಡೂ ಬದಿಯ ಭತ್ತದ ಗದ್ದೆಗಳು ನೀರು ತುಂಬಿ ಬೆಳ್ಳಗೆ ಹೊಳೆಯುತ್ತಿದ್ದವು. ಶಾಂತಕ್ಕನಿಗೂ ಆಮ್ಲಜನಕದ ನಳಿಗೆ ಹಾಕಿದ್ದರು, ಅದನ್ನು ತೆಗೆದು ತೆಗೆದು ಮಗಳ ಹಣೆ ಮುಟ್ಟುತ್ತಿದ್ದಳು.

ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪೊಟ್ಟಣದ ಹೆಸರು ಕೇಳಿದರು. ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಇದಕ್ಕೆ ಇಂಥದ್ದೇ ಅಂತ ಮದ್ದಿಲ್ಲ. ಆಕ್ಸಿಜನ್ ಕೊಡ್ತೀವಿ, ಬಿ.ಪಿ. ಬೀಳದ ಹಾಗೆ ನೋಡ್ಕೋತೀವಿ. ಎದೆಗೆ ನೀರು ತುಂಬಬಾರದು. ಎರಡು ದಿನ ಕಾಯಬೇಕು."

ಆ ಎರಡು ದಿನವನ್ನು ನಾನು ಹೇಗೆ ಬರೆಯಲಿ? ವಾರ್ಡಿನ ಹೊರಗಿನ ಉದ್ದ ಓಣಿಯಲ್ಲಿ ಒಂದು ಕಬ್ಬಿಣದ ಬೆಂಚು. ನರ್ಸ್ ಬಾಗಿಲು ತೆರೆದಾಗೆಲ್ಲ ನಾವೆಲ್ಲ ಏಳುತ್ತಿದ್ದೆವು. ಅವಳು ಬೇರೆ ಯಾರನ್ನೋ ಕರೆದರೆ ಕೂರುತ್ತಿದ್ದೆವು. ಗಿರಣಿಯ ತೌಡು ಮೆತ್ತಿದ ಬಟ್ಟೆಯಲ್ಲೇ ವೀರೇಶ ಬಂದಿದ್ದ. ಗಂಗಮ್ಮನ ದುಃಖಕ್ಕೆ ಮೊದಲು ಸಿಕ್ಕಿದ್ದು ಸೊಸೆ. "ಹೆತ್ತಾಕೀನ ಕೂಸಿನ ಮಗ್ಗಲಿಗೆ ವಿಷ ಇಟ್ಟಾಳಲ್ಲೋ ಯಪ್ಪಾ! ಬೇವಿನ ಸೊಪ್ಪು ಸಾಲಲಿಲ್ಲಾ ಇಕಿಗೆ?" ಎಂದು ಓಣಿಯ ತುಂಬ ಕೇಳುವಂತೆ ಅತ್ತಳು. ಪೊಟ್ಟಣ ತಂದವನು ವೀರೇಶ. ಅವನು ಬಾಯಿ ಬಿಡಲಿಲ್ಲ. ಅದು ಗಾಳಿಗೆ ಬರುವುದಿಲ್ಲ ಎಂದವಳು ನಾನು. ನಾನೂ ಬಿಡಲಿಲ್ಲ.

ಮಧ್ಯಾಹ್ನ ಒಬ್ಬ ಪೊಲೀಸ್ ಬಂದು ಕಾಗದ ತೆಗೆದ. ವಿಷದ ಕೇಸಿಗೆ ಅವರು ಬರೆದುಕೊಳ್ಳಲೇಬೇಕಂತೆ. "ಯಾರು ಇಟ್ಟದ್ದು?"

"ನಾನೇ ರೀ" ಎಂದಳು ಶಾಂತಕ್ಕ.

"ಇದು ಏನು ಅಂತ ಗೊತ್ತಿತ್ತೇನು?"

ಅವಳು ನನ್ನ ಕಡೆ ನೋಡಲಿಲ್ಲ. ನೋಡಿಬಿಟ್ಟರೆ ಏನು ಗತಿ ಎಂದು ನಾನು ನೆಲ ನೋಡುತ್ತಿದ್ದೆ. "ಗೊತ್ತಿರ್ಲಿಲ್ರೀ. ಹುಳದ ಔಷಧಿ ಅಂತ ಇಟ್ಟೆ" ಎಂದಳು.

ಸಂಜೆ ಬಟ್ಟೆ ಬದಲಿಸಲು ಅಮ್ಮಿಯ ಮನೆಗೆ ಹೋದೆ. ಆಸ್ಪತ್ರೆಯಿಂದ ದೂರವೇನಲ್ಲ. ಎಲ್ಲ ಹೇಳಿದೆ. ಅಮ್ಮಿ ಬಳೆಯ ಪೆಟ್ಟಿಗೆ ಮುಚ್ಚಿ, ಬಾಗಿಲು ಹಾಕಿ ಬಂದು ಕೂತಳು. "ತೂ ಕಾಯ್ಕು ಬೋಲ್ತಿ? ಚುಪ್ ಬೈಟ್" ಎಂದಳು. ನೀನು ಯಾಕೆ ಹೇಳಲು ಹೋಗುತ್ತೀ, ಸುಮ್ಮನಿರು. ಮಗುವಿಗೆ ಏನಾದರೂ ಆಗಿ, ಟೀಚರ್ ಹೇಳಿದ್ದಕ್ಕೆ ಆಯಿತು ಎಂದು ಊರಿಗೆ ತಿಳಿದರೆ ಏನಾಗುತ್ತದೆ ಎಂದು ಅವಳು ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾನು ಆ ಊರಿನಲ್ಲಿ ಒಬ್ಬಳೇ ಇದ್ದವಳು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

ಮಗು ಸತ್ತರೆ ಎನ್ನುವ ಭಯ ಒಂದು ಕಡೆ, ನನ್ನ ಹೆಸರು ಹೊರಗೆ ಬಂದರೆ ಎನ್ನುವ ಭಯ ಇನ್ನೊಂದು ಕಡೆ. ಇದರಲ್ಲಿ ಯಾವುದು ದೊಡ್ಡದಿತ್ತು ಎಂದು ಕೇಳಿದರೆ ಇವತ್ತಿಗೂ ನನಗೆ ಉತ್ತರ ಕೊಡಲು ನಾಚಿಕೆ.

ಮೂರನೆಯ ದಿನ ಬೆಳಗ್ಗೆ ಡಾಕ್ಟರಮ್ಮ ಹೊರಗೆ ಬಂದು, "ಕಣ್ಣು ಬಿಟ್ಟಿದ್ದಾಳೆ. ನೀರು ಕೇಳ್ತಿದ್ದಾಳೆ. ಗಂಡಾಂತರ ಕಳೆದ ಹಾಗೆ ಕಾಣ್ತದೆ" ಎಂದರು. ಗಂಗಮ್ಮ ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು. ಎದ್ದವಳೇ ಸೊಸೆಯ ಕಡೆ ತಿರುಗಿ, "ಇನ್ನ ಮ್ಯಾಲೆ ನನ್ನ ಕೂಸಿಗೆ ನೀ ಕೈ ಹಚ್ಚಬ್ಯಾಡ" ಎಂದಳು. ಶಾಂತಕ್ಕ ಗೋಡೆಗೆ ಒರಗಿ ನಿಂತಿದ್ದಳು. ಮಗಳು ಉಳಿದ ಸಂತೋಷಕ್ಕೂ ಅವಳಿಗೆ ಅವಕಾಶ ಇರಲಿಲ್ಲ.

ಆಗ ನನ್ನ ಬಾಯಿಂದ ಮಾತು ಬಂತು. "ಅವ್ವಾ, ಶಾಂತಕ್ಕಗ ಬೈಬ್ಯಾಡ್ರಿ. ಆಕಿ ನನ್ನ ಕೇಳಿದ್ಲು. ಕೂಸಿಗೆ ಏನೂ ಆಗಂಗಿಲ್ಲ, ಗಾಳ್ಯಾಗ ಬರಂಗಿಲ್ಲ ಅಂತ ನಾನೇ ಹೇಳಿದ್ದೆ."

ಗಂಗಮ್ಮನಿಗೆ ಅದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ವೀರೇಶನಿಗೆ ಹಿಡಿಯಲಿಲ್ಲ. ಅವನು ಎದ್ದು ನನ್ನ ಮುಂದೆ ಬಂದು ನಿಂತ. ಹೊಡೆಯುತ್ತಾನೆ ಎಂದುಕೊಂಡೆ. "ಕಲತಾಕಿ ನೀವು. ಎರಡು ದಿನ ಇಲ್ಲೇ ಕುಂತು ಸುಮ್ಮನ ನೋಡಿದ್ರಿ" ಎಂದ. ಆಮೇಲೆ, "ಬಂದು ನಿಮ್ಮ ಸಾಮಾನು ತಗೊಂಡು ಹೋಗ್ರಿ" ಎಂದು ಹೊರಗೆ ನಡೆದ. ಗಂಗಮ್ಮ ನನ್ನ ಮುಖ ನೋಡದೆ ವಾರ್ಡಿನ ಬಾಗಿಲಿಗೆ ಹೋಗಿ ನಿಂತಳು.

ಶಾಂತಕ್ಕ ಬಂದು ಬೆಂಚಿನ ಮೇಲೆ ಕೂತಳು, ನಾವಿಬ್ಬರೇ ಉಳಿದೆವು. "ಪೊಲೀಸಪ್ಪಗ ಯಾಕ ಹೇಳಲಿಲ್ಲ ಶಾಂತಕ್ಕ?" ಎಂದೆ.

"ನೀವು ಒಬ್ಬಾಕಿ ಅದೀರಿ. ನಿಮ್ಮ ಹೆಸರು ಹೇಳಿದ್ರ ಊರಾಗ ಮಾತು ಎಲ್ಲೆಲ್ಲಿಗೋ ಹೋಗ್ತಿತ್ತು. ನನಗರ ಬೈತಾರ, ಅಷ್ಟ." ನನ್ನ ಕಡೆ ತಿರುಗಿ ಕೇಳಿದಳು, "ಈಗರ ಖರೇ ಹೇಳ್ರಿ. ಹುಳ ಹೆಂಗ ಸಾಯ್ತಾವ?"

ಹೇಳಿದೆ. ಆಸ್ಪತ್ರೆಯ ಓಣಿಯಲ್ಲಿ, ಆ ಎರಡು ದಿನ ಮೊಬೈಲಿನಲ್ಲಿ ಓದಿ ಓದಿ ತಿಳಿದುಕೊಂಡದ್ದನ್ನು. "ಅಲ್ಯೂಮಿನಿಯಂ ಅಂದ್ರ ನಿಮ್ಮ ಮನಿ ಬೋಗುಣಿ ಅದಲ್ರೀ, ಅದೇ ಲೋಹ. ಲೋಹಕ್ಕ ಕೊಡೋ ಗುಣ. ಉಪ್ಪಿನಾಗ ಸೋಡಿಯಂ ತನ್ನದು ಪೂರಾ ಕೊಟ್ಟುಬಿಡತದ. ಅದಕ್ಕ ಉಪ್ಪು ನೀರಾಗ ಕರಗಿದ್ರೂ ನೀರು ಆರಿದ ಮ್ಯಾಲೆ ಮತ್ತ ಉಪ್ಪೇ. ಇಲ್ಲೆ ಅಲ್ಯೂಮಿನಿಯಂ ರಂಜಕಕ್ಕ ಪೂರಾ ಕೊಟ್ಟಿರಂಗಿಲ್ಲ. ಇಬ್ಬರೂ ಒಂದೊಂದು ತುದಿ ಹಿಡಕೊಂಡಿರ್ತಾರ. ನೀರು ಬಂತಂದ್ರ ಅಲ್ಯೂಮಿನಿಯಂ ರಂಜಕಾನ ಬಿಟ್ಟು ನೀರಿನಾಗಿನ ಆಮ್ಲಜನಕಾನ ಹಿಡಕೊಳ್ತದ. ಉಳಿದ ಜಲಜನಕ ರಂಜಕಕ್ಕ ಸಿಗತದ. ಅವೆರಡೂ ಅಲೋಹ. ಯಾರೂ ಕೊಡಂಗಿಲ್ಲ, ಹಂಚಿಕೊಳ್ತಾರ. ಹಂಗ ಹಂಚಿಕೊಂಡ ಸಣ್ಣ ಕಣ ಗಟ್ಟಿಯಾಗಿ ಕುಂದ್ರಂಗಿಲ್ಲ, ಗಾಳಿ ಆಗಿ ಏಳತದ."

"ಆ ಗಾಳಿ ಹುಳಕ್ಕ ಹೋಗತದ."

"ಹೌದು. ತೇವ ಇಲ್ಲದಿದ್ರ ಅದು ಔಷಧಾನೇ ಅಲ್ಲ. ಗಾಳಿ ಏಳಲಿ ಅಂತಾನೇ ಮಾಡಿದ್ದು."

"ಅಂದ್ರ ನಾ ಕೇಳಿದ್ದು ಸರಿ ಇತ್ತು."

"ಸರಿ ಇತ್ತು ಶಾಂತಕ್ಕ. ನೀವು ಕೇಳಿದಾಗ ನಾನು ಯೋಚನಿ ಮಾಡಿದ್ರ ಸಾಕಿತ್ತು."

ಅವಳು ಸೆರಗಿಗೆ ಮುಖ ಹಚ್ಚಿದಳು. ಅಳುತ್ತಿದ್ದಳು. ಮೂರು ದಿನದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗೌರಿಯನ್ನು ಮನೆಗೆ ಕರೆತಂದ ಮೇಲೆ, ಒಂದು ವಾರ ಬಿಟ್ಟು ನನ್ನ ಟ್ರಂಕು, ಹಾಸಿಗೆ, ಪುಸ್ತಕ ತರಲು ಹೋದೆ. ಮಾನ್ವಿಯಲ್ಲಿ ಕೋಣೆ ಹಿಡಿದಿದ್ದೆ, ಅಲ್ಲಿಂದಲೇ ಶಾಲೆಗೆ ಓಡಾಡುವುದೆಂದು. ಮನೆಯ ಬಾಗಿಲುಗಳೆಲ್ಲ ಹಾರು ಹೊಡೆದಿದ್ದವು, ಬೆಳಕಿಂಡಿಯ ಕಲ್ಲು ಸರಿದಿತ್ತು, ನಡುಮನೆ ಖಾಲಿ. ಒಳಗೆ ಹೋಗಲು ನನಗೆ ಅಂಜಿಕೆ. ನನ್ನ ಕೋಣೆಗೂ ಉಸಿರು ಹಿಡಿದೇ ಹೋಗಿ ಬಂದೆ. ಗಂಗಮ್ಮ ಹೊರಗೆ ಬರಲಿಲ್ಲ. ಶಾಂತಕ್ಕ ಮಾತ್ರ ನನ್ನ ಹಾಸಿಗೆಯ ಸುರುಳಿ ತಲೆಯ ಮೇಲಿಟ್ಟುಕೊಂಡು ಬಸ್ ನಿಲ್ಲುವ ಜಾಗದ ತನಕ ನಡೆದು ಬಂದಳು. ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದರು. ಅವಳು ಯಾರ ಕಡೆಗೂ ನೋಡದೆ ನಡೆದಳು.

"ಜ್ವಾಳ ಏನು ಮಾಡಿದ್ರಿ?" ಎಂದು ಕೇಳಿದೆ.

"ಹೊಲದಾಗ ತಗ್ಗು ತೋಡಿ ಮುಚ್ಚಿದ್ರು. ಕುರಿ ಬಾಯಿ ಹಾಕಬಾರ್ದಂತ ಮ್ಯಾಲೆ ಮುಳ್ಳು ಹೇರ್ಯಾರ. ವರ್ಷದ ಜ್ವಾಳ." ಬಸ್ಸಿನ ಸದ್ದು ದೂರದಲ್ಲಿ ಕೇಳಿಸಿತು. ಅವಳು ಹಾಸಿಗೆ ಕೆಳಗಿಳಿಸಿ ನನ್ನತ್ತ ತಿರುಗಿದಳು. "ಮ್ಯಾಲಿನ ಚೀಲ ಒಣಗೇ ಇದ್ವು. ಗಾಳಿಗೆ ಹಾಕಿದ್ರ ತಿನ್ನಾಕ ಬರ್ತಿತ್ತೇನ್ರೀ?"

ಬರುತ್ತಿತ್ತು. ಅದನ್ನೂ ನಾನು ಓದಿಕೊಂಡಿದ್ದೆ. ಆ ಅನಿಲ ಕಾಳಿನಲ್ಲಿ ಉಳಿಯುವುದಿಲ್ಲ. ಒಣ ಚೀಲಗಳನ್ನು ಬಯಲಲ್ಲಿ ಚೆನ್ನಾಗಿ ಗಾಳಿಗೆ ಹರವಿದ್ದರೆ ಸಾಕಿತ್ತು. ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ಗುರುವಾರ ಸಂಜೆ ಪೊಟ್ಟಣ ಹಿಡಿದು ನೋಡಿದ ಹಾಗೆಯೇ. ಹೌದೆಂದರೆ ಇವತ್ತೇ ಹೋಗಿ ತಗ್ಗು ತೆರೆದಾಳು ಎನ್ನಿಸಿತು. ತೆರೆದು, ನೆನೆದ ಚೀಲವೂ ಅದರೊಳಗೇ ಬೆರೆತಿದ್ದರೆ?

"ನನಗ ಗೊತ್ತಿಲ್ಲ ಶಾಂತಕ್ಕ" ಎಂದೆ.

ಅವಳು ತಲೆಯಾಡಿಸಿದಳು. ಬಸ್ಸು ಬಂತು. ಟ್ರಂಕನ್ನು ನಾವಿಬ್ಬರೂ ಒಂದೊಂದು ಕಡೆ ಹಿಡಿದು ಮೇಲಕ್ಕೆ ಎತ್ತಿದೆವು.